ಮೇಜಿನ ಕಂಪ್ಯೂಟರಿಗೆ ತಕ್ಕ ಪವರ್ ಸಪ್ಲೈ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು ತಮ್ಮ ಕಂಪ್ಯೂಟರನ್ನು ತಾವೇ ಜೋಡಿಸಿಕೊಳ್ಳುವ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ಅವರು ಕೈಯಲ್ಲಿ ಹಿಡಿದು ಬರುವ ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪ್ರೊಸೆಸರು ಯಾವುದು, ಗ್ರಾಫಿಕ್ಸ್ ಕಾರ್ಡು ಯಾವುದು, ಮೆಮೊರಿ ಎಷ್ಟು ಎಂಬ ವಿಷಯಗಳಲ್ಲಿ ಅವರು ವಾರಗಟ್ಟಲೆ ವಿಚಾರ ಮಾಡಿರುತ್ತಾರೆ. ಹತ್ತು ಜನರನ್ನು ಕೇಳಿರುತ್ತಾರೆ. ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿ ಮಾತ್ರ ‘ಕ್ಯಾಬಿನೆಟ್ಟು, ಎಸ್.ಎಂ.ಪಿ.ಎಸ್. ಸಹಿತ’ ಎಂದು ಬರೆದಿರುತ್ತದೆ. ಆ ಎಸ್.ಎಂ.ಪಿ.ಎಸ್. ಎಂಬುದೇ ಕಂಪ್ಯೂಟರಿನ ಪವರ್ ಸಪ್ಲೈ. ಉಳಿದ ಭಾಗಗಳೆಲ್ಲವೂ ಉಣ್ಣುವುದು ಅದರ ಕೈಯಿಂದ. ಅದು ಕೆಟ್ಟರೆ ತಾನೊಂದೇ ಕೆಟ್ಟು ಸುಮ್ಮನಾಗುವುದೆಂಬ ಭರವಸೆಯಿಲ್ಲ. ಮದರ್‌ಬೋರ್ಡನ್ನೂ, ಒಂದು ವರ್ಷದ ಕೆಲಸವನ್ನು ಹೊತ್ತಿರುವ ಡಿಸ್ಕನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಬಲ್ಲುದು.

ಅಂಗಡಿಯಲ್ಲಿ ಎರಡು ಪೆಟ್ಟಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಎರಡರ ಮೇಲೂ ‘೫೦೦ ವಾಟು’ ಎಂದೇ ಬರೆದಿರಬಹುದು. ಒಂದರ ಬೆಲೆ ಇನ್ನೊಂದರ ಬೆಲೆಯ ನಾಲ್ಕೈದು ಪಾಲು ಇರಬಹುದು. ವಾಟು ಎಂಬುದು ವಿಜ್ಞಾನವು ಖಚಿತವಾಗಿ ನಿರ್ಣಯಿಸಿರುವ ಮಾನವಲ್ಲವೆ? ಹಾಗಿರುವಾಗ ಒಂದೇ ೫೦೦ ವಾಟಿಗೆ ಎರಡು ಬೆಲೆ ಏಕೆ? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಂಡರೆ ಪವರ್ ಸಪ್ಲೈಯನ್ನು ಆರಿಸುವ ವಿದ್ಯೆ ಮುಕ್ಕಾಲು ಪಾಲು ತಿಳಿದಂತೆಯೇ ಸರಿ.

ಮೊದಲು ಈ ಪೆಟ್ಟಿಗೆ ಮಾಡುವ ಕೆಲಸವೇನೆಂಬುದನ್ನು ನೋಡೋಣ. ನಮ್ಮ ಮನೆಗಳಿಗೆ ಬರುವುದು ೨೩೦ ವೋಲ್ಟಿನ ಎ.ಸಿ. ವಿದ್ಯುತ್ತು. ಅದು ಸೆಕೆಂಡಿಗೆ ೫೦ ಆವರ್ತನೆಗಳಂತೆ ಹಿಂದಕ್ಕೂ ಮುಂದಕ್ಕೂ ತುಯ್ಯುತ್ತಿರುತ್ತದೆ. ಕಂಪ್ಯೂಟರಿನ ಭಾಗಗಳಿಗೆ ಬೇಕಾದುದಾದರೋ ಒಂದೇ ದಿಕ್ಕಿನಲ್ಲಿ ಹರಿಯುವ, ಏರಿಳಿತವಿಲ್ಲದ ಡಿ.ಸಿ. ವಿದ್ಯುತ್ತು, ಅದೂ ೧೨ ವೋಲ್ಟು, ೫ ವೋಲ್ಟು ಮತ್ತು ೩.೩ ವೋಲ್ಟುಗಳ ಅಲ್ಪ ಒತ್ತಡದಲ್ಲಿ. ಹಳೆಯ ರೇಡಿಯೋಗಳ ಕಾಲದಲ್ಲಾಗಿದ್ದರೆ ಇದಕ್ಕೆ ಕಬ್ಬಿಣದ ತಗಡುಗಳನ್ನು ಜೋಡಿಸಿ ಮಾಡಿದ ಟ್ರಾನ್ಸ್‌ಫಾರ್ಮರನ್ನು ಬಳಸುತ್ತಿದ್ದರು. ಹಾಗೆ ೫೦೦ ವಾಟು ಕೊಡುವಂತಹದನ್ನು ಕಟ್ಟಿದರೆ ಅದನ್ನು ಎತ್ತಿಡುವುದೇ ಒಂದು ವ್ಯಾಯಾಮವಾದೀತು. ಅದು ಅಷ್ಟು ತೂಕವಾಗಲು ಕಾರಣವುಂಟು. ಆವರ್ತನೆಯ ಪ್ರತಿ ಅರ್ಧದಲ್ಲಿಯೂ ಕಬ್ಬಿಣದ ತಿರುಳಿನಲ್ಲಿ ಕಾಂತತ್ವವು ಒಂದು ದಿಕ್ಕಿಗೆ ಬೆಳೆಯುತ್ತ ಹೋಗುತ್ತದೆ. ಸೆಕೆಂಡಿಗೆ ೫೦ ಆವರ್ತನೆಗಳಾದರೆ ಹೀಗೆ ಬೆಳೆಯಲು ಅದಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ದೀರ್ಘಕಾಲ ದೊರೆಯುತ್ತದೆ. ಅಷ್ಟರಲ್ಲಿ ತಿರುಳು ಕಾಂತತ್ವದಿಂದ ತುಂಬಿ ತುಳುಕಬಾರದೆಂದರೆ ತಿರುಳೇ ದೊಡ್ಡದಾಗಿರಬೇಕು. ಅದೇ ಆವರ್ತನೆಗಳನ್ನು ಸೆಕೆಂಡಿಗೆ ಒಂದು ಲಕ್ಷಕ್ಕೆ ಏರಿಸಿದೆವೆಂದರೆ ದೊರೆಯುವ ಕಾಲ ಸೆಕೆಂಡಿನ ಹತ್ತು ಲಕ್ಷದ ಐದು ಭಾಗ ಮಾತ್ರ. ಆಗ ಮುಷ್ಟಿಯಲ್ಲಿ ಹಿಡಿಯಬಹುದಾದ ಫೆರೈಟಿನ ತಿರುಳು ಸಾಕಾಗುತ್ತದೆ.

ಎಸ್.ಎಂ.ಪಿ.ಎಸ್. ಮಾಡುವುದು ಇದನ್ನೇ. ಮೊದಲು ಡಯೋಡುಗಳ ಮೂಲಕ ಎ.ಸಿ.ಯನ್ನು ಡಿ.ಸಿ.ಯಾಗಿ ಮಾಡಿಕೊಳ್ಳುತ್ತದೆ. ಒಳ್ಳೆಯ ಪೆಟ್ಟಿಗೆಗಳಲ್ಲಿ ಇನ್ನೊಂದು ಮಂಡಲವು ಅದನ್ನು ಸುಮಾರು ೩೮೦ ವೋಲ್ಟಿಗೆ ಏರಿಸಿ ದೊಡ್ಡದೊಂದು ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ಇದನ್ನು ಮನೆಯ ಮೇಲಿನ ನೀರಿನ ತೊಟ್ಟಿಗೆ ಹೋಲಿಸಬಹುದು. ಆ ಬಳಿಕ ಟ್ರಾನ್ಸಿಸ್ಟರುಗಳು ಈ ಡಿ.ಸಿ.ಯನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ, ಕೆಲವೊಮ್ಮೆ ಲಕ್ಷಕ್ಕೂ ಹೆಚ್ಚು ಸಲ, ಕತ್ತರಿಸಿ ಚಿಕ್ಕ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತವೆ. ಆಚೆಯ ಕಡೆಯಿಂದ ಹೊರಬಂದ ಅಲ್ಪ ಒತ್ತಡದ ವಿದ್ಯುತ್ತನ್ನು ಮತ್ತೆ ಡಿ.ಸಿ.ಯಾಗಿಸಿ, ಸೋಸಿ, ತಂತಿಗಳಿಗೆ ಬಿಡುತ್ತಾರೆ. ಹೊರಟ ವೋಲ್ಟು ಸರಿಯಾಗಿದೆಯೆ ಎಂದು ಒಂದು ಚಿಪ್ಪು ಸದಾ ನೋಡುತ್ತಿದ್ದು, ಕಡಿಮೆಯಾದರೆ ಟ್ರಾನ್ಸಿಸ್ಟರುಗಳು ತೆರೆದಿರುವ ಕಾಲವನ್ನು ಹಿಗ್ಗಿಸುತ್ತದೆ, ಹೆಚ್ಚಾದರೆ ಕುಗ್ಗಿಸುತ್ತದೆ. ೧೯೭೭ರಲ್ಲಿ ಬಂದ ‘ಆಪಲ್ ೨’ ಕಂಪ್ಯೂಟರಿಗೆ ರಾಡ್ ಹೋಲ್ಟ್ ಎಂಬ ಎಂಜಿನಿಯರು ಇಂತಹ ಸಪ್ಲೈಯನ್ನು ರಚಿಸಿಕೊಟ್ಟ ಸಂಗತಿ ಪ್ರಸಿದ್ಧವಾಗಿದೆ. ವಿಧಾನವು ಅದಕ್ಕಿಂತ ಮುಂಚೆಯೂ ಬಳಕೆಯಲ್ಲಿತ್ತು. ಮನೆಯ ಮೇಜಿನ ಮೇಲಕ್ಕೆ ಅದು ಬಂದುದು ಹೆಚ್ಚುಕಡಿಮೆ ಆ ಹೊತ್ತಿನಲ್ಲಿ.

೧೯೮೧ರಲ್ಲಿ ಮಾರುಕಟ್ಟೆಗೆ ಬಂದ ಐ.ಬಿ.ಎಂ. ಪಿ.ಸಿ.ಯ ಸಪ್ಲೈ ಕೊಡುತ್ತಿದ್ದುದು ೬೩.೫ ವಾಟು ಮಾತ್ರ ಎಂದರೆ ಇಂದಿನ ವಿದ್ಯಾರ್ಥಿಗಳು ನಂಬುವುದು ಕಷ್ಟ. ಈಗಿನ ಮದರ್‌ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಸಿಕ್ಕಿಸುವ ಒಂದು ಸಂದಿಯೇ ೭೫ ವಾಟು ಕೊಡಬಲ್ಲುದು!

ವಾಟುಗಳು ಬೆಳೆದುದಷ್ಟೇ ಅಲ್ಲ, ಅವು ಹರಿಯುವ ದಾರಿಯೂ ಬದಲಾಯಿತು. ನಮ್ಮ ಪ್ರಶ್ನೆಯ ಮರ್ಮವಿರುವುದು ಇಲ್ಲಿಯೇ. ಹಳೆಯ ಪ್ರೊಸೆಸರುಗಳು ನೇರವಾಗಿ ೫ ವೋಲ್ಟಿನಲ್ಲಿ ಕೆಲಸ ಮಾಡುತ್ತಿದ್ದುವು. ಆದುದರಿಂದ ಆ ಕಾಲದ ಸಪ್ಲೈಗಳಲ್ಲಿ ಬಲವೆಲ್ಲ ೫ ವೋಲ್ಟಿನ ಕವಲಿನಲ್ಲಿಯೇ ಇರುತ್ತಿತ್ತು. ಇಂದಿನ ಪ್ರೊಸೆಸರಿಗೆ ಬೇಕಾದುದು ಒಂದು ವೋಲ್ಟಿನ ಆಸುಪಾಸು. ೧.೨ ವೋಲ್ಟಿನಲ್ಲಿ ೧೧೭ ವಾಟು ಕೊಡಬೇಕಾದರೆ ಸುಮಾರು ೧೦೦ ಆಂಪಿಯರು ಹರಿಯಬೇಕಾಗುತ್ತದೆ. ಅಷ್ಟು ಪ್ರವಾಹವನ್ನು ಪೆಟ್ಟಿಗೆಯಿಂದ ತಂತಿಯಲ್ಲಿ ತರುವುದಾದರೆ ತಂತಿಯು ಬೆರಳುಗಾತ್ರವಾಗಬೇಕು. ಆದಕಾರಣ ಪೆಟ್ಟಿಗೆಯಿಂದ ೧೨ ವೋಲ್ಟಿನಲ್ಲಿ ಹತ್ತು ಆಂಪಿಯರನ್ನು ತಂದು, ಪ್ರೊಸೆಸರಿನ ಮಗ್ಗುಲಿನಲ್ಲಿಯೇ ಮದರ್‌ಬೋರ್ಡಿನ ಮೇಲೆ ಅದನ್ನು ಇಳಿಸಿಕೊಳ್ಳುವ ಪದ್ಧತಿ ರೂಢಿಗೆ ಬಂದಿತು. ಇಂಟೆಲ್ ಕಂಪನಿಯು ೧೯೯೫ರಲ್ಲಿ ಎ.ಟಿ.ಎಕ್ಸ್. ಎಂಬ ಕ್ರಮವನ್ನು ಪ್ರಕಟಿಸಿತಷ್ಟೆ. ೨೦೦೦ದಲ್ಲಿ ಪೆಂಟಿಯಂ ೪ ಬಂದಾಗ ಅದಕ್ಕೆ ಪ್ರತ್ಯೇಕವಾಗಿ ೧೨ ವೋಲ್ಟನ್ನು ಒಯ್ಯುವ ನಾಲ್ಕು ಪಿನ್ನುಗಳ ಕನೆಕ್ಟರು ಸೇರಿತು. ಗ್ರಾಫಿಕ್ಸ್ ಕಾರ್ಡುಗಳೂ ಇದೇ ಹಾದಿಯನ್ನು ಹಿಡಿದುವು. ಈಗ ಕಂಪ್ಯೂಟರು ತಿನ್ನುವ ವಿದ್ಯುತ್ತಿನಲ್ಲಿ ಬಹುಪಾಲು ೧೨ ವೋಲ್ಟಿನ ಹಳದಿ ತಂತಿಗಳಲ್ಲಿಯೇ ಬರುತ್ತದೆ. ೫ ವೋಲ್ಟಿನ ಕೆಂಪು ತಂತಿಗೂ ೩.೩ ವೋಲ್ಟಿನ ಕಿತ್ತಳೆ ತಂತಿಗೂ ಉಳಿದಿರುವುದು ಚಿಲ್ಲರೆ ಕೆಲಸ.

ಇಷ್ಟು ತಿಳಿದ ಮೇಲೆ ಅಂಗಡಿಯ ಎರಡು ಪೆಟ್ಟಿಗೆಗಳ ಚೀಟಿಗಳನ್ನು ಓದೋಣ. ದೊಡ್ಡ ಅಕ್ಷರವನ್ನು ಬಿಟ್ಟು, ಪಕ್ಕದಲ್ಲಿ ಅಂಟಿಸಿರುವ ಕೋಷ್ಟಕವನ್ನು ನೋಡಬೇಕು. ಅಗ್ಗದ ಪೆಟ್ಟಿಗೆಯ ಕೋಷ್ಟಕ ಹೀಗಿದೆಯೆಂದು ಇಟ್ಟುಕೊಳ್ಳೋಣ: ೧೨ ವೋಲ್ಟಿನಲ್ಲಿ ೧೮ ಆಂಪಿಯರು, ೫ ವೋಲ್ಟಿನಲ್ಲಿ ೨೫ ಆಂಪಿಯರು, ೩.೩ ವೋಲ್ಟಿನಲ್ಲಿ ೨೨ ಆಂಪಿಯರು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟು. ಹೀಗೆ ಗುಣಿಸುತ್ತ ಬಂದರೆ ಕ್ರಮವಾಗಿ ೨೧೬, ೧೨೫ ಮತ್ತು ೭೩ ವಾಟುಗಳು. ಮೂರನ್ನೂ ಕೂಡಿದರೂ ೪೧೪. ಅಂದರೆ ಪೆಟ್ಟಿಗೆಯ ಮೇಲಿನ ೫೦೦ ಎಂಬ ಅಂಕಿಗೆ ಅದರ ಚೀಟಿಯೇ ಸಾಕ್ಷಿ ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಮಗೆ ಉಪಯೋಗಕ್ಕೆ ಬರುವುದು ೧೨ ವೋಲ್ಟಿನ ೨೧೬ ವಾಟು ಮಾತ್ರ. ಉಳಿದುದನ್ನು ಕೇಳುವ ಭಾಗಗಳೇ ಇಂದಿನ ಕಂಪ್ಯೂಟರಿನಲ್ಲಿ ಇಲ್ಲ. ಪ್ರಾಮಾಣಿಕವಾದ ೫೫೦ ವಾಟಿನ ಪೆಟ್ಟಿಗೆಯ ಚೀಟಿಯಲ್ಲಿ ೧೨ ವೋಲ್ಟಿನಲ್ಲಿ ೪೫ ಆಂಪಿಯರು, ಎಂದರೆ ೫೪೦ ವಾಟು, ಎಂದು ಇರುತ್ತದೆ. ಬೆಲೆಯ ಅಂತರಕ್ಕೆ ಮೊದಲನೆಯ ಕಾರಣ ಇದೇ. ಕೋಷ್ಟಕವೇ ಇಲ್ಲದ ಪೆಟ್ಟಿಗೆಗಳೂ ಉಂಟು. ಅಂತಹದನ್ನು ಕೈಗೆ ತೆಗೆದುಕೊಂಡಷ್ಟೇ ಬೇಗ ಕೆಳಗಿಡುವುದು ಲೇಸು.

ಇನ್ನು ನಮಗೆ ಎಷ್ಟು ಬೇಕೆಂಬ ಲೆಕ್ಕ. ಒಂದು ನಿಜವಾದ ಕಂಪ್ಯೂಟರನ್ನೇ ತೆಗೆದುಕೊಳ್ಳೋಣ. ಪ್ರೊಸೆಸರು ಇಂಟೆಲ್ ಕೋರ್ ಐ೫-೧೨೪೦೦. ಗ್ರಾಫಿಕ್ಸ್ ಕಾರ್ಡು ಎನ್‌ವಿಡಿಯಾದ ಆರ್.ಟಿ.ಎಕ್ಸ್. ೩೦೬೦. ಪ್ರೊಸೆಸರಿನ ಡಬ್ಬಿಯ ಮೇಲೆ ೬೫ ವಾಟು ಎಂದಿರುವುದನ್ನು ನಂಬಿ ಲೆಕ್ಕ ಹಾಕುವವರು ಬಹಳ. ಆ ಅಂಕಿ ಅದರ ಮೂಲವೇಗಕ್ಕೆ ಸಂಬಂಧಪಟ್ಟದ್ದು. ಭಾರವಾದ ಕೆಲಸ ಬಂದಾಗ ಅದು ತನ್ನ ವೇಗವನ್ನು ಏರಿಸಿಕೊಂಡು ೧೧೭ ವಾಟಿನವರೆಗೆ ಹೋಗಬಹುದೆಂದು ತಯಾರಕರೇ ಹೇಳಿದ್ದಾರೆ. ಲೆಕ್ಕಕ್ಕೆ ಹಿಡಿಯಬೇಕಾದುದು ಈ ಎರಡನೆಯದನ್ನು. ಕಾರ್ಡಿನ ಬಳಕೆ ೧೭೦ ವಾಟು. ಮದರ್‌ಬೋರ್ಡು, ಮೆಮೊರಿ, ಒಂದು ಎಸ್.ಎಸ್.ಡಿ., ಒಂದು ಹಾರ್ಡ್ ಡಿಸ್ಕು, ಎರಡು ಮೂರು ಫ್ಯಾನುಗಳು, ಇವೆಲ್ಲಕ್ಕೂ ಉದಾರವಾಗಿ ೫೫ ವಾಟು ಇಡೋಣ. ಮೊತ್ತ ೩೪೨ ವಾಟು.

ಹಾಗಾದರೆ ೩೫೦ ವಾಟಿನ ಪೆಟ್ಟಿಗೆ ಸಾಕೆ? ಸಾಲದು. ಗ್ರಾಫಿಕ್ಸ್ ಕಾರ್ಡು ೧೭೦ ವಾಟು ತಿನ್ನುತ್ತದೆಂಬುದು ಸರಾಸರಿಯ ಮಾತು. ಅದರೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಚಿತ್ರದ ಒಂದು ಚೌಕಟ್ಟನ್ನು ಮುಗಿಸಿ ಕ್ಷಣಕಾಲ ಸುಮ್ಮನಿದ್ದು, ಮುಂದಿನ ಚೌಕಟ್ಟು ಬಂದೊಡನೆ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಆಗ ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಡಿಮೆ ಕಾಲ ಕಾರ್ಡು ತನ್ನ ಸರಾಸರಿಯ ಇಮ್ಮಡಿಯಷ್ಟನ್ನು ಸೆಳೆಯಬಹುದು. ಮನೆಯ ವಿದ್ಯುತ್ ಮೀಟರಿಗೆ ಇದು ಕಾಣಿಸದು. ಆದರೆ ಪವರ್ ಸಪ್ಲೈಯ ಕಾವಲು ಚಿಪ್ಪಿಗೆ ಚೆನ್ನಾಗಿ ಕಾಣುತ್ತದೆ. ಅದು ‘ಅಪಾಯ’ವೆಂದು ತಿಳಿದು ಎಲ್ಲವನ್ನೂ ಆರಿಸಿಬಿಡುತ್ತದೆ. ಆಟದ ನಡುವೆ, ಅಥವಾ ವಿಡಿಯೋ ಸಿದ್ಧವಾಗುತ್ತಿರುವಾಗ, ಕಂಪ್ಯೂಟರು ಸದ್ದಿಲ್ಲದೆ ಆರಿ ಮತ್ತೆ ತಾನಾಗಿ ಹತ್ತಿಕೊಳ್ಳುವ ರೋಗಕ್ಕೆ ಎಷ್ಟೋ ಸಲ ಇದೇ ಮೂಲ. ಇಂತಹ ನೆಗೆತಗಳು ದೊಡ್ಡ ಕಾರ್ಡುಗಳಲ್ಲಿ ವಿಪರೀತವಾದುದರಿಂದಲೇ ೨೦೨೨ರಲ್ಲಿ ಹೊರಟ ಎ.ಟಿ.ಎಕ್ಸ್. ೩.೦ ಕ್ರಮದಲ್ಲಿ, ದೊಡ್ಡ ಸಪ್ಲೈಗಳು ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದ ಕಾಲ ತಮ್ಮ ಅಂಕಿತ ಬಲದ ಇಮ್ಮಡಿಯನ್ನು ತಡೆದುಕೊಳ್ಳಬೇಕೆಂದು ವಿಧಿಸಿದರು.

ನಮ್ಮ ಉದಾಹರಣೆಯಲ್ಲಿ ಕಾರ್ಡಿನ ೧೭೦ನ್ನು ೩೪೦ ಎಂದು ಹಿಡಿದರೆ ಮೊತ್ತ ೫೧೨ ವಾಟಾಗುತ್ತದೆ. ಆದುದರಿಂದ ಈ ಕಂಪ್ಯೂಟರಿಗೆ ೫೫೦ ವಾಟಿನ ಪ್ರಾಮಾಣಿಕವಾದ ಪೆಟ್ಟಿಗೆ ತಕ್ಕದ್ದು. ಕಾರ್ಡಿನ ತಯಾರಕರು ಸೂಚಿಸಿರುವುದೂ ೫೫೦ನ್ನೇ. ಅದೇ ಪ್ರೊಸೆಸರಿಗೆ ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದೆ, ಬರೆಹ, ಓದು, ಪ್ರೋಗ್ರಾಮು ಬರೆಯುವುದು ಇಷ್ಟೇ ಕೆಲಸವಾದರೆ ಮೊತ್ತವು ೧೭೦ ವಾಟನ್ನು ಮೀರುವುದು ಕಷ್ಟ. ೩೦೦ರಿಂದ ೪೦೦ ವಾಟಿನ ಒಳ್ಳೆಯ ಪೆಟ್ಟಿಗೆ ಧಾರಾಳವಾಗಿ ಸಾಕು. ಅಂತಹ ಕಂಪ್ಯೂಟರಿಗೂ ‘ಮುಂದಕ್ಕೆ ಇರಲಿ’ ಎಂದು ೭೫೦ ವಾಟಿನದನ್ನು ಕೊಳ್ಳಿಸುವ ವರ್ತಕರುಂಟು. ಅದು ಹಾನಿಯೇನನ್ನೂ ಮಾಡದು. ೭೫೦ ವಾಟಿನ ಪೆಟ್ಟಿಗೆ ೭೫೦ ವಾಟನ್ನು ಒಳಕ್ಕೆ ತುರುಕುತ್ತದೆಂಬ ಭಯ ಕೆಲವರಿಗಿದೆ. ಅದು ತಪ್ಪು ಕಲ್ಪನೆ. ಕೇಳಿದಷ್ಟನ್ನೇ ಅದು ಕೊಡುತ್ತದೆ. ಆದರೆ ಸುಮ್ಮನೆ ಕುಳಿತಿರುವ ಕಂಪ್ಯೂಟರು ಐವತ್ತು ವಾಟಿನ ಆಸುಪಾಸಿನಲ್ಲಿ ಸೆಳೆಯುವಾಗ, ಅಷ್ಟು ದೊಡ್ಡ ಪೆಟ್ಟಿಗೆಯು ತನ್ನ ಬಲದ ಹದಿನೈದನೆಯ ಒಂದು ಪಾಲಿನಲ್ಲಿ ದುಡಿಯುತ್ತಿರುತ್ತದೆ. ಅಲ್ಲಿ ಅದರ ದಕ್ಷತೆ ಇಳಿದಿರುತ್ತದೆ. ಹೆಚ್ಚುವರಿ ವಾಟಿಗೆ ಕೊಡುವ ಹಣವನ್ನು ಅದೇ ಬೆಲೆಯ ಚಿಕ್ಕದಾದರೂ ಉತ್ತಮವಾದ ಪೆಟ್ಟಿಗೆಗೆ ಕೊಡುವುದು ನಮ್ಮ ಅಭಿಪ್ರಾಯದಲ್ಲಿ ಜಾಣತನ. ಹಣವೇ ಸಾಲದೆಂದಾದರೆ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿಯಬೇಕೇ ಹೊರತು ಇಲ್ಲಿ ಅಲ್ಲ.

ದಕ್ಷತೆಯ ಮಾತು ಬಂದಿತು. ಪೆಟ್ಟಿಗೆ ಗೋಡೆಯಿಂದ ಸೆಳೆದುದರಲ್ಲಿ ಎಷ್ಟು ಪಾಲು ಭಾಗಗಳಿಗೆ ಮುಟ್ಟುತ್ತದೆಯೋ ಅದು ದಕ್ಷತೆ. ಉಳಿದುದು ಪೆಟ್ಟಿಗೆಯೊಳಗೇ ಶಾಖವಾಗುತ್ತದೆ. ೨೦೦೪ರಲ್ಲಿ ಅಮೆರಿಕದಲ್ಲಿ ಮೊದಲಾದ ‘೮೦ ಪ್ಲಸ್’ ಎಂಬ ಯೋಜನೆಯಲ್ಲಿ ಇದನ್ನು ಅಳೆದು ಮುದ್ರೆ ಕೊಡುತ್ತಾರೆ. ೧೧೫ ವೋಲ್ಟಿನ ಪರೀಕ್ಷೆಯಲ್ಲಿ ಅರ್ಧ ಭಾರದಲ್ಲಿರುವಾಗ ಕಂಚಿನ ಮುದ್ರೆಗೆ ನೂರಕ್ಕೆ ೮೫, ಚಿನ್ನದ ಮುದ್ರೆಗೆ ನೂರಕ್ಕೆ ೯೦ ಬೇಕು. ನಮ್ಮ ೨೩೦ ವೋಲ್ಟಿನಲ್ಲಿ ಎಲ್ಲವೂ ಸ್ವಲ್ಪ ಉತ್ತಮವೇ ಆಗುತ್ತದೆ. ಭಾಗಗಳು ೩೦೦ ವಾಟು ಕೇಳುತ್ತಿರುವಾಗ ನೂರಕ್ಕೆ ೮೦ರ ಪೆಟ್ಟಿಗೆ ಗೋಡೆಯಿಂದ ೩೭೫ ವಾಟನ್ನೂ, ನೂರಕ್ಕೆ ೯೦ರ ಪೆಟ್ಟಿಗೆ ೩೩೩ ವಾಟನ್ನೂ ಸೆಳೆಯುತ್ತದೆ. ದಿನಕ್ಕೆ ನಾಲ್ಕು ಗಂಟೆಗಳ ಬಳಕೆಯಾದರೆ ವರ್ಷಕ್ಕೆ ೬೧ ಯೂನಿಟ್ಟುಗಳ ವ್ಯತ್ಯಾಸ. ವಾಚಕರು ತಮ್ಮ ಮನೆಯ ಬಿಲ್ಲಿನ ದರದಿಂದ ಇದನ್ನು ಗುಣಿಸಿಕೊಳ್ಳಬಹುದು. ಆದರೆ ಈ ಮುದ್ರೆ ಹೇಳುವುದು ದಕ್ಷತೆಯೊಂದನ್ನೇ ಎಂಬುದನ್ನು ಮರೆಯಬಾರದು. ವೋಲ್ಟು ಎಷ್ಟು ಸ್ಥಿರ, ಕಾವಲು ಎಷ್ಟು ಚುರುಕು, ಆಯುಸ್ಸು ಎಷ್ಟು, ಇವುಗಳ ವಿಷಯದಲ್ಲಿ ಅದು ಮೌನವಾಗಿದೆ. ಚಿನ್ನದ ಮುದ್ರೆಯ ಕಳಪೆ ಪೆಟ್ಟಿಗೆಯೂ, ಕಂಚಿನ ಮುದ್ರೆಯ ಗಟ್ಟಿ ಪೆಟ್ಟಿಗೆಯೂ ಇರಬಹುದು.

ದಕ್ಷತೆಯ ನಿಜವಾದ ಲಾಭ ಬಿಲ್ಲಿಗಿಂತ ಹೆಚ್ಚಾಗಿ ಶಾಖದಲ್ಲಿದೆ. ನಮ್ಮ ೩೪೨ ವಾಟಿನ ಕಂಪ್ಯೂಟರಿನಲ್ಲಿ ನೂರಕ್ಕೆ ೮೦ರ ಪೆಟ್ಟಿಗೆ ತನ್ನೊಳಗೆ ೮೫ ವಾಟಿನ ಶಾಖವನ್ನು ಹುಟ್ಟಿಸಿದರೆ, ನೂರಕ್ಕೆ ೯೦ರದು ೩೮ ವಾಟಿನಷ್ಟನ್ನು ಮಾತ್ರ. ಪೆಟ್ಟಿಗೆಯೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳಲ್ಲಿ ಒಂದು ಬಗೆಯ ದ್ರವವಿರುತ್ತದೆ. ಶಾಖಕ್ಕೆ ಅದು ನಿಧಾನವಾಗಿ ಆರುತ್ತ ಹೋಗುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧವಾಗುತ್ತದೆಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ನಿಯಮ. ೧೦೫ ಡಿಗ್ರಿಯಲ್ಲಿ ೨,೦೦೦ ಗಂಟೆ ಬಾಳುವ ಕೆಪಾಸಿಟರು ೬೫ ಡಿಗ್ರಿಯಲ್ಲಿ ೩೨,೦೦೦ ಗಂಟೆ ಬಾಳುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ಸುಮಾರು ಹನ್ನೊಂದು ವರ್ಷ. ೭೫ ಡಿಗ್ರಿಯಾದರೆ ಐದೂವರೆ ವರ್ಷ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಹೊರಗಿನ ಗಾಳಿಯೇ ನಲವತ್ತು ಡಿಗ್ರಿಯನ್ನು ದಾಟುತ್ತದೆ. ಕ್ಯಾಬಿನೆಟ್ಟಿನೊಳಗೆ ಇನ್ನೂ ಹೆಚ್ಚು. ಫ್ಯಾನಿನ ಜಾಲರಿಗೆ ಧೂಳು ಮೆತ್ತಿಕೊಂಡಿದ್ದರೆ ಹೇಳುವುದೇ ಬೇಡ. ಆದಕಾರಣ ಕೊಳ್ಳುವಾಗ ‘ಈ ವಾಟು ಎಷ್ಟು ಉಷ್ಣತೆಯಲ್ಲಿ?’ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ೪೦ ಅಥವಾ ೫೦ ಡಿಗ್ರಿಯಲ್ಲಿಯೂ ಪೂರ್ಣಬಲವನ್ನು ಕೊಡುತ್ತದೆಂದು ಬರೆದುಕೊಡುವ ತಯಾರಕರಿದ್ದಾರೆ. ಉಷ್ಣತೆಯ ಮಾತನ್ನೇ ಎತ್ತದವರೂ ಇದ್ದಾರೆ.

ನಮ್ಮ ನಾಡಿನಲ್ಲಿ ಇನ್ನೊಂದು ಪರೀಕ್ಷೆಯೂ ಉಂಟು: ಕರೆಂಟು ಹೋಗುವುದು. ಗೋಡೆಯ ವಿದ್ಯುತ್ತು ನಿಂತಾಗ ಪೆಟ್ಟಿಗೆಯ ‘ತೊಟ್ಟಿ’ಯಲ್ಲಿ ಉಳಿದಿರುವುದರಿಂದ ಸ್ವಲ್ಪ ಹೊತ್ತು ಕಾಲ ತಳ್ಳಬೇಕು. ಆ ಹೊತ್ತು ಎಷ್ಟೆಂಬುದನ್ನು ಕಾಲೇಜಿನ ಭೌತಶಾಸ್ತ್ರದಿಂದಲೇ ತಿಳಿಯಬಹುದು. ಕೆಪಾಸಿಟರಿನಲ್ಲಿ ಕೂಡಿರುವ ಶಕ್ತಿಯು ಅದರ ಧಾರಣಶಕ್ತಿಯ ಅರ್ಧವನ್ನು ವೋಲ್ಟಿನ ವರ್ಗದಿಂದ ಗುಣಿಸಿದಷ್ಟು. ೩೩೦ ಮೈಕ್ರೊಫ್ಯಾರಡಿನ ಕೆಪಾಸಿಟರು ೩೮೦ ವೋಲ್ಟಿನಿಂದ ೩೦೦ಕ್ಕೆ ಇಳಿಯುವಷ್ಟರಲ್ಲಿ ಒಂಬತ್ತು ಜೂಲುಗಳಷ್ಟನ್ನು ಬಿಟ್ಟುಕೊಡುತ್ತದೆ. ಪೆಟ್ಟಿಗೆಯು ೫೦೦ ವಾಟಿನ ವೇಗದಲ್ಲಿ ಅದನ್ನು ಕುಡಿಯುತ್ತಿದ್ದರೆ ಸೆಕೆಂಡಿನ ಸಾವಿರದ ಹದಿನೆಂಟು ಭಾಗ ಬಾಳಿತು. ಎ.ಟಿ.ಎಕ್ಸ್. ಕ್ರಮ ಕೇಳುವುದೂ ಹೆಚ್ಚುಕಡಿಮೆ ಇಷ್ಟನ್ನೇ: ಸಾವಿರದ ಹದಿನಾರು, ಹದಿನೇಳು ಭಾಗ. ಮನೆಗಳಲ್ಲಿರುವ ಸಾಮಾನ್ಯ ಯು.ಪಿ.ಎಸ್. ಸಾವಿರದ ಹತ್ತು ಭಾಗದೊಳಗೆ ಕೆಲಸಕ್ಕೆ ಬರುವುದರಿಂದ ಕಂಪ್ಯೂಟರಿಗೆ ಕರೆಂಟು ಹೋದುದೇ ತಿಳಿಯುವುದಿಲ್ಲ. ಅಗ್ಗದ ಪೆಟ್ಟಿಗೆಯಲ್ಲಿ ಉಳಿತಾಯಕ್ಕೆಂದು ಚಿಕ್ಕ ಕೆಪಾಸಿಟರನ್ನು ಹಾಕಿದ್ದರೆ ಯು.ಪಿ.ಎಸ್. ಇದ್ದೂ ಕಂಪ್ಯೂಟರು ಆರಿಹೋಗುತ್ತದೆ, ಜನರು ಯು.ಪಿ.ಎಸ್.ನ ಬ್ಯಾಟರಿಯನ್ನು ದೂರುತ್ತಾರೆ. ಮನೆಗೆಲ್ಲ ಒಂದೇ ಇನ್ವರ್ಟರು ಇರುವಲ್ಲಿ, ಅದರಲ್ಲಿ ‘ಯು.ಪಿ.ಎಸ್.’ ಎಂಬ ಸ್ವಿಚ್ಚಿದ್ದರೆ ಅದನ್ನು ಆ ಕಡೆಗೆ ಇಟ್ಟಿರಬೇಕು. ಇನ್ನೊಂದು ಕಡೆಯಲ್ಲಿ ಅದು ಬದಲಾಗಲು ತೆಗೆದುಕೊಳ್ಳುವ ಕಾಲ ದೀರ್ಘ.

ಯು.ಪಿ.ಎಸ್. ಮೇಲಿನ ‘೬೦೦ ವಿ.ಎ.’ ಎಂಬುದೂ ೬೦೦ ವಾಟಲ್ಲ. ಅಂತಹವು ಸಾಮಾನ್ಯವಾಗಿ ಹೊರುವುದು ೩೬೦ ವಾಟು. ನಮ್ಮ ಕಂಪ್ಯೂಟರು ಪೂರ್ಣಭಾರದಲ್ಲಿ ಗೋಡೆಯಿಂದ ಸೆಳೆಯುವುದು ಸುಮಾರು ೩೯೦ ವಾಟು, ಮಾನಿಟರು ಬೇರೆ. ಓದುಬರೆಹದ ಹೊತ್ತಿನಲ್ಲಿ ಕರೆಂಟು ಹೋದರೆ ಆ ಯು.ಪಿ.ಎಸ್. ನಿಭಾಯಿಸುತ್ತದೆ, ಆಟದ ಹೊತ್ತಿನಲ್ಲಿ ಹೋದರೆ ಕೈಬಿಡುತ್ತದೆ.

ಕ್ಯಾಬಿನೆಟ್ಟನ್ನು ಬರಿಗೈಯಿಂದ ಮುಟ್ಟಿದಾಗ ಜುಮ್ಮೆನ್ನುವ ಅನುಭವ ಎಷ್ಟೋ ಮನೆಗಳಲ್ಲಿದೆ. ಸಪ್ಲೈ ಕೆಟ್ಟಿದೆಯೆಂದು ಹೊಸದನ್ನು ತಂದು ಹಾಕುತ್ತಾರೆ, ಹೊಸದೂ ಜುಮ್ಮೆನ್ನುತ್ತದೆ. ದೋಷವಿರುವುದು ಬಹುಮಟ್ಟಿಗೆ ಗೋಡೆಯಲ್ಲಿ. ಪೆಟ್ಟಿಗೆಯೊಳಗಿನ ಕತ್ತರಿಸುವ ಕೆಲಸದಿಂದ ಹುಟ್ಟುವ ರೇಡಿಯೋ ಗದ್ದಲವನ್ನು ತಡೆಯಲು, ಫೇಸ್ ತಂತಿಯಿಂದ ಲೋಹದ ಮೈಗೊಂದು, ನ್ಯೂಟ್ರಲ್ ತಂತಿಯಿಂದ ಮೈಗೊಂದು ಪುಟ್ಟ ಕೆಪಾಸಿಟರನ್ನು ಕಟ್ಟಿರುತ್ತಾರೆ. ಮೂರು ಪಿನ್ನಿನ ಪ್ಲಗ್ಗಿನ ದೊಡ್ಡ ಪಿನ್ನು ಭೂಮಿಗೆ ಸರಿಯಾಗಿ ಸೇರಿದ್ದರೆ ಇವುಗಳಿಂದ ಬರುವ ಅತ್ಯಲ್ಪ ಪ್ರವಾಹ ಅಲ್ಲಿಗೆ ಹರಿದುಹೋಗುತ್ತದೆ. ಅರ್ತಿಂಗು ಇಲ್ಲದಿದ್ದರೆ ಎರಡು ಕೆಪಾಸಿಟರುಗಳ ನಡುವೆ ಸಿಕ್ಕ ಕ್ಯಾಬಿನೆಟ್ಟು ೨೩೦ರ ಅರ್ಧದಲ್ಲಿ, ಸುಮಾರು ೧೧೫ ವೋಲ್ಟಿನಲ್ಲಿ, ತೇಲುತ್ತಿರುತ್ತದೆ. ಪ್ರವಾಹವು ಅಲ್ಪವಾದುದರಿಂದ ಕೈ ಜುಮ್ಮೆನ್ನುತ್ತದೆ, ಅಷ್ಟೆ. ಆದರೆ ನಾಳೆ ಒಳಗೆ ಫೇಸ್ ತಂತಿಯೇ ಮೈಗೆ ತಗುಲಿದರೆ ಅದನ್ನು ಭೂಮಿಗೆ ಒಯ್ಯುವ ದಾರಿಯಿಲ್ಲವೆಂಬುದನ್ನು ಆ ಜುಮ್ಮು ಇಂದೇ ತಿಳಿಸುತ್ತಿದೆ. ಇದಕ್ಕೆ ಎಲೆಕ್ಟ್ರಿಷಿಯನ್ನನ್ನು ಕರೆಯಬೇಕು, ಕಂಪ್ಯೂಟರಿನವನನ್ನಲ್ಲ.

ಈಗ ಮೊದಲು ಹೇಳಿದ ಭಯದ ಕಡೆಗೆ ಬರೋಣ. ಸಪ್ಲೈಯು ಕೆಡುವಾಗ ಇತರ ಭಾಗಗಳನ್ನು ಕೊಲ್ಲುವುದು ಹೇಗೆ? ೧೨ ವೋಲ್ಟು ೧೧.೪ರಿಂದ ೧೨.೬ರ ಒಳಗೆ ಇರಬೇಕೆಂದು ಕ್ರಮ. ವೋಲ್ಟನ್ನು ನೋಡಿಕೊಳ್ಳುವ ಚಿಪ್ಪಿಗೆ ಸುದ್ದಿ ತಲುಪಿಸುವ ಮಂಡಲ ಕೆಟ್ಟಿತೆಂದರೆ, ವೋಲ್ಟು ಕಡಿಮೆಯಿದೆಯೆಂದೇ ಅದು ತಿಳಿದು ಹೆಚ್ಚಿಸುತ್ತ ಹೋಗುತ್ತದೆ. ಒಳ್ಳೆಯ ಪೆಟ್ಟಿಗೆಯಲ್ಲಿ ಇದಕ್ಕೆಂದೇ ಎರಡನೆಯ ಕಾವಲುಗಾರನಿದ್ದು, ಮಿತಿ ಮೀರಿದೊಡನೆ ಎಲ್ಲವನ್ನೂ ನಿಲ್ಲಿಸುತ್ತಾನೆ. ಹೆಚ್ಚು ವೋಲ್ಟು, ಹೆಚ್ಚು ಆಂಪಿಯರು, ಹೆಚ್ಚು ವಾಟು, ಹೆಚ್ಚು ಶಾಖ, ಶಾರ್ಟ್ ಸರ್ಕಿಟ್ಟು ಇವೈದಕ್ಕೂ ಪ್ರತ್ಯೇಕ ಕಾವಲುಗಳಿರುವುದುಂಟು. ತಯಾರಕರು ಅವನ್ನು ಹೆಸರಿಸಿ ಮುದ್ರಿಸಿರುತ್ತಾರೆ. ಹೊರಗಿನಿಂದ ಕಾಣದ ಇವುಗಳನ್ನು ಕೈಬಿಟ್ಟರೆ ಬೆಲೆಯನ್ನು ಇಳಿಸುವುದು ಸುಲಭ. ಎರಡು ಪೆಟ್ಟಿಗೆಗಳ ಬೆಲೆಯ ಅಂತರಕ್ಕೆ ಇನ್ನೊಂದು ದೊಡ್ಡ ಕಾರಣ ಇದು. ಎಷ್ಟು ವರ್ಷಗಳ ವಾರಂಟಿ ಎಂಬುದು ಸಹ ಒಂದು ಸೂಚನೆ: ಐದು, ಏಳು, ಹತ್ತು ವರ್ಷ ಬರೆದುಕೊಡುವವನು ತನ್ನ ಕೆಪಾಸಿಟರುಗಳ ಲೆಕ್ಕವನ್ನು ಮಾಡಿಯೇ ಇರುತ್ತಾನೆ.

ಕೆಟ್ಟ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಿ ನೋಡುವ ಕುತೂಹಲ ವಿದ್ಯಾರ್ಥಿಗಳಿಗೆ ಸಹಜ. ಅದನ್ನು ಮಾಡಕೂಡದು. ಪ್ಲಗ್ಗನ್ನು ಕಿತ್ತ ಮೇಲೂ ಆ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರಕ್ಕೂ ಮಿಕ್ಕಿದ ವೋಲ್ಟು ಉಳಿದಿರಬಹುದು. ನಾವು ಲೆಕ್ಕ ಹಾಕಿದ ಕೆಪಾಸಿಟರಿನಲ್ಲಿಯೇ ತುಂಬಿದಾಗ ಸುಮಾರು ೨೪ ಜೂಲುಗಳಿರುತ್ತವೆ. ಒಂದು ಕಿಲೋಗ್ರಾಂ ಕಲ್ಲನ್ನು ಎರಡೂವರೆ ಮೀಟರು ಎತ್ತರಕ್ಕೆ ಎತ್ತುವಷ್ಟು ಶಕ್ತಿ. ಅದು ಎದೆಯ ಮೂಲಕ ಹಾಯುವುದು ಮಾರಕವಾಗಬಹುದು.

ಇನ್ನು ತಂತಿಗಳ ವಿಷಯ. ೩೨೦ ವಾಟು ೨೩೦ ವೋಲ್ಟಿನಲ್ಲಾದರೆ ಒಂದೂವರೆ ಆಂಪಿಯರಿಗೂ ಕಡಿಮೆ. ೧೨ ವೋಲ್ಟಿನಲ್ಲಾದರೆ ೨೭ ಆಂಪಿಯರು. ಶಾಖವು ಆಂಪಿಯರಿನ ವರ್ಗದಂತೆ ಬೆಳೆಯುತ್ತದೆ. ಕನೆಕ್ಟರಿನ ಪಿನ್ನುಗಳಲ್ಲಿ ಅರ್ಧ ಸರಿಯಾಗಿ ಮುಟ್ಟದಿದ್ದರೆ ಉಳಿದವುಗಳಲ್ಲಿ ಪ್ರವಾಹ ಇಮ್ಮಡಿಯಾಗಿ, ಒಂದೊಂದರ ಶಾಖ ನಾಲ್ಮಡಿಯಾಗುತ್ತದೆ. ೨೦೨೨ರ ಕೊನೆಯಲ್ಲಿ ಆರ್.ಟಿ.ಎಕ್ಸ್. ೪೦೯೦ ಕಾರ್ಡುಗಳ ಹೊಸ ಬಗೆಯ ಕನೆಕ್ಟರುಗಳು ಕೆಲವೆಡೆ ಕರಗಿದ ಸುದ್ದಿ ಲೋಕವೆಲ್ಲ ಹಬ್ಬಿತು. ಪೂರ್ತಿಯಾಗಿ ಒಳಕ್ಕೆ ಕೂರಿಸದಿದ್ದುದೇ ಕಾರಣವೆಂದು ಎನ್‌ವಿಡಿಯಾ ಹೇಳಿತು. ಮುಂದಿನ ವರ್ಷ ಕನೆಕ್ಟರಿನ ರಚನೆಯನ್ನೇ ತಿದ್ದಿದರು. ನಮ್ಮಂತಹ ಸಾಧಾರಣ ಕಾರ್ಡಿನ ಎಂಟು ಪಿನ್ನಿನ ಕನೆಕ್ಟರು ಒಯ್ಯಬೇಕಾದುದು ೧೫೦ ವಾಟು. ಅದನ್ನು ‘ಟಕ್’ ಎಂದು ಕೂರುವವರೆಗೆ ಒತ್ತಬೇಕು. ಹಾರ್ಡ್ ಡಿಸ್ಕಿನ ತೆಳು ತಂತಿಯಿಂದ ಕವಲು ತೆಗೆದು ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ಅಡಾಪ್ಟರುಗಳು ಅಂಗಡಿಗಳಲ್ಲಿ ಸಿಗುತ್ತವೆ. ಪೆಟ್ಟಿಗೆಯಲ್ಲಿ ಎಂಟು ಪಿನ್ನಿನ ತಂತಿಯೇ ಇಲ್ಲವೆಂದರೆ ಅಷ್ಟು ಭಾರಕ್ಕೆ ಅದನ್ನು ಕಟ್ಟಿಲ್ಲವೆಂದು ತಿಳಿಯಬೇಕು. ಅಡಾಪ್ಟರಿನಿಂದ ಬಲ ಬರುವುದಿಲ್ಲ.

ಬೇಡದ ತಂತಿಗಳನ್ನು ಕಳಚಿಡಬಹುದಾದ ‘ಮಾಡ್ಯುಲರ್’ ಪೆಟ್ಟಿಗೆಗಳು ಈಗ ಬಹಳವಾಗಿವೆ. ಅವುಗಳಲ್ಲಿ ಒಂದು ಅಪಾಯ ಅಡಗಿದೆ. ತಂತಿಯ ಕಂಪ್ಯೂಟರಿನ ಕಡೆಯ ತುದಿಗೆ ಎಲ್ಲರೂ ಒಪ್ಪಿದ ಕ್ರಮವುಂಟು. ಪೆಟ್ಟಿಗೆಯ ಕಡೆಯ ತುದಿಗೆ ಅಂತಹ ಕ್ರಮವಿಲ್ಲ. ಒಬ್ಬರ ಪೆಟ್ಟಿಗೆಯಲ್ಲಿ ೫ ವೋಲ್ಟು ಇರುವ ಪಿನ್ನಿನಲ್ಲಿ ಇನ್ನೊಬ್ಬರು ೧೨ ವೋಲ್ಟು ಇಟ್ಟಿರುತ್ತಾರೆ. ಆಕಾರ ಮಾತ್ರ ಒಂದೇ. ಹಳೆಯ ಸಪ್ಲೈಯನ್ನು ತೆಗೆದು ಹೊಸದನ್ನು ಹಾಕುವಾಗ ಹಳೆಯ ತಂತಿಗಳನ್ನೇ ಉಳಿಸಿಕೊಂಡು ಸ್ವಿಚ್ಚು ಒತ್ತಿದವರ ಡಿಸ್ಕುಗಳು ಆ ಕ್ಷಣದಲ್ಲೇ ಸುಟ್ಟುಹೋಗಿರುವುದುಂಟು. ಪೆಟ್ಟಿಗೆಯನ್ನು ಬದಲಾಯಿಸಿದಾಗ ತಂತಿಗಳನ್ನೂ ಬದಲಾಯಿಸಬೇಕು. ಕಳಚಿಟ್ಟವನ್ನು ಆಯಾ ಪೆಟ್ಟಿಗೆಯ ಹೆಸರು ಬರೆದು ಬೇರೆ ಬೇರೆಯ ಚೀಲಗಳಲ್ಲಿ ಕಟ್ಟಿಡಬೇಕು.